ಕೈ ಚಾಚಿದರೆ ಮಂಚದ ಕೆಳಗೆ ಓಡುವ ನಾಯಿ: ಈ ಟಿಟಚ್ ಅನ್ನುವುದು ನಿಜಕ್ಕೂ ಕೆಲಸ ಮಾಡುತ್ತಾ?

ಕಾರಂಜಿಕೆರೆ | ಡಿಸೆಂಬರ್ 6

ಎಲ್ಲರಿಗೂ ನಮಸ್ಕಾರ, ಮೈಸೂರಿನಿಂದ ಬರೆಯುತ್ತಿದ್ದೇನೆ. ದೀಪಾವಳಿ ಪಟಾಕಿ ಗಲಾಟೆ ಮುಗಿಯಲಿ ಅಂತ ಕಾದು, ಅದಾದ ಮೇಲೆ ಒಂದು ಶೆಲ್ಟರ್‌ನಿಂದ ಹೆಣ್ಣು ನಾಯಿ ತಂದೆವು. ಬೀದಿನಾಯಿಯೇ. ಎರಡು ವರ್ಷ ಇರಬಹುದು ಅಂದರು. ಕೆಂಚು ಬಣ್ಣ, ಅದಕ್ಕೇ ಕೆಂಚಿ. ಯಾವುದೋ ಸ್ಕೂಟರ್ ಗುದ್ದಿ ಹಿಂಗಾಲು ಮುರಿದಿತ್ತಂತೆ, ಈಗ ಕುಂಟುವುದಿಲ್ಲ. ಮರಿ ಆಗದ ಆಪರೇಷನ್ ಆಗಿದೆ, ಅದರ ಗುರುತಿಗೆ ಎಡಗಿವಿ ತುದಿ ಕತ್ತರಿಸಿದ್ದಾರೆ, ರೇಬೀಸ್ ಚುಚ್ಚುಮದ್ದಿನ ಚೀಟಿಯೂ ಇದೆ.

ಊಟ ಮಾಡುತ್ತಾಳೆ, ರಾತ್ರಿ ನಾವೆಲ್ಲ ಮಲಗಿದ ಮೇಲೆ ಮನೆಯೆಲ್ಲ ಮೂಸಿಕೊಂಡು ಓಡಾಡುತ್ತಾಳೆ (ಉಗುರಿನ ಟಿಕ್ ಟಿಕ್ ಸದ್ದು ಕೇಳಿಸುತ್ತದೆ). ಹಗಲು ಮಾತ್ರ ಮಂಚದ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು. ಯಾರಾದರೂ ಕೈ ಚಾಚಿದರೆ ಸಾಕು, ಬಾಲ ಮುದುರಿಕೊಂಡು ಗಡಗಡ ನಡುಗುತ್ತಾಳೆ.

ಒಂದು ವಿಡಿಯೋದಲ್ಲಿ ಟಿಟಚ್ ಅಂತ ನೋಡಿದೆ. ಬೆರಳ ತುದಿಯಿಂದ ಚರ್ಮದ ಮೇಲೆ ಸಣ್ಣ ಸಣ್ಣ ಸುತ್ತು ಹಾಕುವುದು, ಹೆದರಿದ ನಾಯಿ ಎರಡೇ ನಿಮಿಷಕ್ಕೆ ನಿದ್ದೆ ಹೋಗುತ್ತದೆ. ನಾನೂ ಮಂಚದ ಕೆಳಗೆ ಕೈ ಹಾಕಿ ಕೆಂಚಿಯ ತಲೆ ಮೇಲೆ, ಕಿವಿ ಬುಡದಲ್ಲಿ ಹಾಗೇ ಮಾಡಿದೆ. ಮೊದಮೊದಲು ಅಲ್ಲಾಡದೆ ಸುಮ್ನೆ ಇದ್ದಳು. ಅಬ್ಬಾ, ಹಿತವಾಗಿದೆ ಅಂದುಕೊಂಡೆ. ಒಂದು ನಿಮಿಷವೂ ಆಗಿರಲಿಲ್ಲ, ಗಪ್ ಅಂತ ಬಾಯಿ ಹಾಕಿಯೇಬಿಟ್ಟಳು. ರಕ್ತ ಬಂದಿಲ್ಲ, ಹೆಬ್ಬೆರಳ ಹತ್ತಿರ ಒಂದು ಕೆಂಪು ಗೀರು ಅಷ್ಟೆ.

ನನ್ನ ಅತ್ತೆ "ಅದನ್ನ ಅದರ ಪಾಡಿಗೆ ಬಿಡು, ನಿನ್ನ ಕೈಗೆ ಕೆಲಸ ಇಲ್ವಾ" ಅನ್ನುತ್ತಾರೆ. ನಾನು ಮಾಡಿದ್ದು ತಪ್ಪಾ, ಅಥವಾ ಈ ವಿದ್ಯೆಯೇ ಬುರುಡೆಯಾ?

ರಾಟ್‌ವೀಲರ್_ಬಾಸ್ | ಡಿಸೆಂಬರ್ 6

ಜಾಸ್ತಿ ಮುದ್ದು ಮಾಡಿದ್ದಕ್ಕೇ ಹೀಗಾಗಿದೆ. ಕಚ್ಚಲು ಬಂದಾಗಲೇ ಕುತ್ತಿಗೆ ಹಿಡಿದು ಅಂಗಾತ ಕೆಡವಿ, ಯಜಮಾನ ಯಾರು ಅಂತ ತೋರಿಸಬೇಕು. ಒಂದು ಸಲ ಮಾಡಿ, ಮತ್ತೆ ಬಾಯಿ ಹಾಕಲ್ಲ.

ಪಶುಡಾಕ್ಟ್ರು | ಡಿಸೆಂಬರ್ 6

ಮೇಡಂ, ನಾಯಿ ವಿಷಯ ಆಮೇಲೆ, ಮೊದಲು ನಿಮ್ಮ ಕೈ. ಹಲ್ಲು ತಾಗಿ ಗೀರಾಗಿದ್ದರೆ ರಕ್ತ ಬರದಿದ್ದರೂ ಅದನ್ನು ಕಚ್ಚಿದ ಲೆಕ್ಕಕ್ಕೇ ಹಿಡಿಯಬೇಕು. ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಬೇಡ. ನಾಳೆ ನೋಡೋಣ ಅನ್ನದೆ ಇವತ್ತೇ ಆಸ್ಪತ್ರೆಗೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲೂ ಚುಚ್ಚುಮದ್ದು ಸಿಗುತ್ತದೆ. ಚರ್ಮಕ್ಕೆ ಕೊಡುವ ಬಗೆಯಾದರೆ ಹೋದ ದಿನ, ಆಮೇಲೆ 3, 7, 28ನೇ ದಿನ. ನಾಯಿಯ ಚೀಟಿ ಡಾಕ್ಟರಿಗೆ ತೋರಿಸಿ, ಆದರೆ ಚೀಟಿ ಇದೆ ಅಂತ ಮನೆಯಲ್ಲೇ ಕೂರಬೇಡಿ.

ಇನ್ನು ಬಾಸ್ ಅವರೇ, ನಿಮ್ಮ ಸಲಹೆ ಕೇಳಿ ಮುಖಕ್ಕೆ ಹೊಲಿಗೆ ಹಾಕಿಸಿಕೊಂಡು, ನಾಯಿಯನ್ನೂ ನನ್ನ ಹತ್ತಿರ ಹಿಡಿದುಕೊಂಡು ಬಂದವರನ್ನು ನೋಡಿದ್ದೇನೆ. ಈ ನಾಯಿಗೆ ಯಜಮಾನಿಕೆ ಬೇಕಿಲ್ಲ, ಅದು ಹೆದರಿ ಮೂಲೆ ಸೇರಿದೆ. ಮೂಲೆಗೆ ಸೇರಿದ್ದನ್ನು ಕೆಡವಿದರೆ ಗುರ್ ಅನ್ನುವುದನ್ನೂ ಬಿಟ್ಟು ಮುಂದಿನ ಸಲ ನೇರ ಕಚ್ಚುವುದನ್ನು ಕಲಿಯುತ್ತದೆ.

ಶೆಲ್ಟರ್_ಭಾನುವಾರ | ಡಿಸೆಂಬರ್ 7

ಅಕ್ಕ, ನಾನು ಬೆಂಗಳೂರಿನ ಒಂದು ಶೆಲ್ಟರ್‌ಗೆ ಆರು ವರ್ಷದಿಂದ ಭಾನುವಾರಗಳಂದು ಹೋಗುತ್ತಿದ್ದೇನೆ. ನಿಮಗೆ ಆಗಿದ್ದು ನನಗೂ ಆಗಿದೆ, ಅದೂ ಎರಡು ಸಲ. ಆ ವಿಡಿಯೋಗಳಲ್ಲಿ ಒಂದು ಮಾತು ಹೇಳುವುದೇ ಇಲ್ಲ: ಅಲ್ಲಾಡದೆ ಇರುವುದು ಬೇರೆ, ಹಿತವಾಗಿರುವುದು ಬೇರೆ. ಹೆದರಿದ ನಾಯಿ ಓಡಲು ದಾರಿ ಇಲ್ಲದಾಗ ಮರಗಟ್ಟುತ್ತದೆ. ಕೆಂಚಿ ಬೆನ್ನಿಗೆ ಗೋಡೆ, ಮೇಲೆ ಮಂಚ, ಎದುರಿಗೆ ನಿಮ್ಮ ಕೈ. ಎಲ್ಲಿಗೆ ಹೋಗಬೇಕು ಅವಳು?

ಮುಂದಿನ ಸಲ ಮುಖ ನೋಡಿ. ಬಾಯಿ ಬಿಗಿಯಾಗಿ ಮುಚ್ಚಿದೆಯಾ, ಊಟ ಇಲ್ಲದೆ ಸುಮ್ಮಸುಮ್ಮನೆ ಮೂಗು ನೆಕ್ಕಿಕೊಳ್ಳುತ್ತಿದೆಯಾ, ನಿದ್ದೆ ಇಲ್ಲದೆ ಆಕಳಿಸುತ್ತಿದೆಯಾ, ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವ ಹಾಗೆ ಓರೆಯಾಗಿ ನೋಡುತ್ತಿದೆಯಾ. ಇವೆಲ್ಲ ನಾಯಿ ಭಾಷೆಯಲ್ಲಿ "ಸಾಕು ಮಾರಾಯ್ತಿ" ಅಂತ. ಹಿತವಾಗಿದ್ದರೆ ಮೈ ಸಡಿಲ ಬಿಡುತ್ತದೆ, ಸೊಂಟ ಒಂದು ಪಕ್ಕಕ್ಕೆ ವಾಲುತ್ತದೆ, ಕಣ್ಣು ಸಣ್ಣದಾಗುತ್ತದೆ, ಉಸಿರು ಉದ್ದವಾಗುತ್ತದೆ.

ಟಿಟಚ್ ಬಗ್ಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಇದನ್ನು ಶುರು ಮಾಡಿದ್ದು ಲಿಂಡಾ ಟೆಲಿಂಗ್ಟನ್ ಜೋನ್ಸ್ ಅಂತ ಕೆನಡಾದಲ್ಲಿ ಹುಟ್ಟಿದ ಹೆಂಗಸು. ಮೂಲದಲ್ಲಿ ಕುದುರೆ ಪಳಗಿಸುವವರು. 1970ರ ದಶಕದಲ್ಲಿ ಮೋಶೆ ಫೆಲ್ಡೆನ್‌ಕ್ರೈಸ್ ಹತ್ತಿರ ಕಲಿತರು. ಅವರದು ಮನುಷ್ಯರಿಗೆ ನಿಧಾನವಾಗಿ ಮೈ ಅಲ್ಲಾಡಿಸಿ ಬಿಗಿತ ಬಿಡಿಸುವ ಪದ್ಧತಿ. ಅದನ್ನೇ ಈಕೆ ಕುದುರೆಗೆ ತಂದರು, ಆಮೇಲೆ ನಾಯಿ, ಬೆಕ್ಕು, ಮೃಗಾಲಯದ ಪ್ರಾಣಿಗಳಿಗೂ.

ಮುಖ್ಯ ಪಟ್ಟು ಒಂದೂಕಾಲು ಸುತ್ತು. ನಾಯಿಯ ಮೈ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಗಡಿಯಾರ ಇದೆ ಅಂದುಕೊಳ್ಳಿ. ಬೆರಳು ಆರು ಗಂಟೆಯಿಂದ ಹೊರಟು ಮುಳ್ಳು ತಿರುಗುವ ಕಡೆಗೇ ಒಂದು ಸುತ್ತು ಬಂದು, ಆರನ್ನು ದಾಟಿ ಒಂಬತ್ತಕ್ಕೆ ನಿಲ್ಲಬೇಕು. ಕೂದಲ ಮೇಲೆ ಬೆರಳು ಜಾರಬಾರದು, ಬೆರಳಿನ ಜೊತೆ ಚರ್ಮವೇ ಸರಿಯಬೇಕು. ಎಷ್ಟು ಒತ್ತಬೇಕು ಅಂತ ತಿಳಿಯಲು ಕಣ್ಣು ಮುಚ್ಚಿ ನಿಮ್ಮ ರೆಪ್ಪೆ ಮೇಲೆ ಬೆರಳಿಟ್ಟು, ಗುಡ್ಡೆಗೆ ತಾಗದ ಹಾಗೆ ಚರ್ಮ ಮಾತ್ರ ಸರಿಸಿ ನೋಡಿ. ಅಷ್ಟರಿಂದ ಶುರು. ಒಂದು ಸುತ್ತಿಗೆ ಎರಡು ಸೆಕೆಂಡು. ಒಂದೇ ಜಾಗದಲ್ಲಿ ಉಜ್ಜುತ್ತಾ ಕೂರಬಾರದು, ಒಂದು ಸುತ್ತು ಆದ ಮೇಲೆ ಬೇರೆ ಜಾಗ.

ಆದರೆ ಇದೆಲ್ಲ ನಿಮಗೆ ಈಗಲೇ ಬೇಡ. ತಲೆಯಂತೂ ಬೇಡವೇ ಬೇಡ. ಮೇಲಿನಿಂದ ತಲೆ ಕಡೆಗೆ ಬರುವ ಕೈ ಬೀದಿಯಲ್ಲಿ ಬೆಳೆದ ನಾಯಿಗೆ ಕಲ್ಲು ಎತ್ತಿದ ಕೈಯೇ. ನಾನು ಹೊಸ ನಾಯಿಗೆ ಮೊದಲ ವಾರವೆಲ್ಲ ಕೈಯನ್ನೇ ಚಾಚುವುದಿಲ್ಲ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ಮೊಬೈಲ್ ನೋಡುತ್ತಾ ಇರುತ್ತೇನೆ, ಆಗಾಗ ಬೇಯಿಸಿದ ಕೋಳಿಯ ಚೂರು ಪಕ್ಕಕ್ಕೆ ಎಸೆಯುತ್ತೇನೆ. ಅದು ತಾನಾಗಿ ಬಂದು ಮೂಸಿದಾಗಲೂ ತಕ್ಷಣ ಮುಟ್ಟುವುದಿಲ್ಲ. ಮೂರನೇ ನಾಲ್ಕನೇ ಸಲ ಬಂದಾಗ ಬೆರಳ ಹಿಂಭಾಗದಿಂದ, ಗೆಣ್ಣಿನಿಂದ ಅಂತೀವಲ್ಲ, ಭುಜವನ್ನೋ ಎದೆಯ ಪಕ್ಕವನ್ನೋ ಮೂರು ಸೆಕೆಂಡು ಸವರಿ ಕೈ ತೆಗೆದುಬಿಡುತ್ತೇನೆ.

ಈ ಕೈ ತೆಗೆಯುವುದು ಇದೆಯಲ್ಲ, ಅದನ್ನು ನೀವು ಸುತ್ತಿಗಿಂತ ಮೊದಲು ಕಲಿಯಿರಿ. ತೆಗೆದ ಮೇಲೆ ನಾಯಿ ಏನು ಮಾಡುತ್ತದೆ ನೋಡಿ. ಹತ್ತಿರ ವಾಲಿದರೆ ಇನ್ನೊಂದು ಮೂರು ಸೆಕೆಂಡು. ಮೈ ಕೊಡವಿ ಆಚೆ ಹೋದರೆ ಇವತ್ತಿಗೆ ಮುಗಿಯಿತು, ಬೇಜಾರು ಮಾಡಿಕೊಳ್ಳಬೇಡಿ. ಏನೂ ಮಾಡದೆ ಹಾಗೇ ಕೂತರೆ? ಅದನ್ನೂ ಬೇಡ ಅಂತಲೇ ಲೆಕ್ಕ ಹಾಕಿ. ನಾನು ಎರಡನೇ ಸಲ ಕಚ್ಚಿಸಿಕೊಂಡಿದ್ದು ಈ ಮೂರನೇದರಲ್ಲೇ.

ಪಶುಡಾಕ್ಟ್ರು | ಡಿಸೆಂಬರ್ 7

ಮೇಲಿನವರು ಹೇಳಿದ್ದು ಚೆನ್ನಾಗಿದೆ. ನನ್ನದು ಸ್ವಲ್ಪ ತಕರಾರು ಇದೆ, ಅದನ್ನೂ ಹೇಳಿಬಿಡುತ್ತೇನೆ.

ಸುತ್ತು ಒಂದೂಕಾಲೇ ಇರಬೇಕು, ಆರು ಗಂಟೆಯಿಂದಲೇ ಹೊರಡಬೇಕು, ಕಿವಿಯ ಇಂಥ ಬಿಂದು ಒತ್ತಿದರೆ ಹೀಗಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ನಾನು ನೋಡಿಲ್ಲ. ಮುಕ್ಕಾಲು ಸುತ್ತು ಹಾಕಿದರೆ ನಾಯಿ ಕೋಪ ಮಾಡಿಕೊಳ್ಳುವುದಿಲ್ಲ. ಆದರೆ ನಿಧಾನವಾಗಿ ಸವರುವುದರಿಂದ ಉಪಯೋಗವೇ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಅಮೆರಿಕದ ಓಹಾಯೋದ ಶೆಲ್ಟರ್ ನಾಯಿಗಳ ಮೇಲೆ 1990ರ ದಶಕದ ಕೊನೆಯಲ್ಲಿ ಕೆಲಸ ಆಗಿದೆ. ರಕ್ತ ತೆಗೆಯುವ ಹೊತ್ತಿಗೆ ಮೈ ಸವರುತ್ತಾ ಮಾತಾಡಿಸಿದರೆ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು, ಅಷ್ಟು ಏರುವುದಿಲ್ಲ ಅಂತ ಕಂಡಿತ್ತು. ನನ್ನ ಅಂದಾಜು ಏನೆಂದರೆ ಈ ಸುತ್ತು, ಗಡಿಯಾರ ಎಲ್ಲ ಕೆಲಸ ಮಾಡುವುದು ನಮ್ಮ ಮೇಲೆ. ಆರು, ಒಂಬತ್ತು ಅಂತ ಲೆಕ್ಕ ಹಾಕುತ್ತಾ ಕೂತವನು ತನ್ನಷ್ಟಕ್ಕೆ ನಿಧಾನ ಆಗುತ್ತಾನೆ, ತಲೆ ಮೇಲೆ ತಟತಟ ತಟ್ಟುವುದಿಲ್ಲ. ಅಷ್ಟಾದರೂ ಒಳ್ಳೆಯದೇ ಅಲ್ವಾ.

ಇನ್ನೊಂದು, ಇದು ಮುಖ್ಯ. ನೀವು ಮುಟ್ಟಿದ್ದು ತಲೆ ಮತ್ತು ಕಿವಿ ಬುಡ ಅಂದಿರಿ. ಮುಟ್ಟಿಸಿಕೊಳ್ಳದ ನಾಯಿ ಬಂದರೆ ನಾನು ಮೊದಲು ಹುಡುಕುವುದು ನೋವನ್ನು. ಕಿವಿ ಸೋಂಕು, ಹಲ್ಲು, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ, ಹಳೇ ಮುರಿತ. ಯಾವ ಕಿವಿ? ತಲೆ ಕೊಡವುತ್ತಾಳಾ? ಹತ್ತಿರ ಹೋದರೆ ವಾಸನೆ ಇದೆಯಾ? ಉಣ್ಣಿಜ್ವರಕ್ಕೆ ರಕ್ತಪರೀಕ್ಷೆ ಆಗಿದೆಯಾ? ನೋಯುವ ಕಿವಿಯ ಬುಡದಲ್ಲಿ ಎಷ್ಟು ಸುತ್ತು ಹಾಕಿದರೂ ಅದು ಹಿಂಸೆಯೇ.

ಅರಸೀಕೆರೆ_ತೆಂಗು | ಡಿಸೆಂಬರ್ 8

ನಾಯಿ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ತೋಟದಲ್ಲಿ ಇದೆ ಒಂದು, ಅದೇ ನಮ್ಮನ್ನು ಸಾಕುತ್ತದೆ. ದನದ ಮಾತು ಹೇಳಬಹುದಾ?

ಎರಡು ವರ್ಷದ ಹಿಂದೆ ಒಬ್ಬರ ಹತ್ತಿರ ಒಂದು ಕಡಸು ತಂದೆ. ಚೆನ್ನಾಗಿ ಹೊಡೆಸಿಕೊಂಡಿದ್ದು, ಬಾಲ ತಿರುಚಿ ತಿರುಚಿ ಬುಡದಲ್ಲಿ ಗಂಟು ಬಿದ್ದಿತ್ತು. ಹಿಂದಿನಿಂದ ಹೋದರೆ ಒದೆಯುತ್ತಿತ್ತು, ಮುಂದಿನಿಂದ ಹೋದರೆ ಕಣ್ಣಿ ಹರಿದುಕೊಳ್ಳುವ ಹಾಗೆ ಎಳೆದಾಡುತ್ತಿತ್ತು. ನಮ್ಮಪ್ಪ ಹೇಳಿದ್ದು ಒಂದೇ: ಹಣೆ ಮುಟ್ಟಬೇಡ, ಬಾಲದ ಕಡೆ ಹೋಗಬೇಡ, ಗಂಗೆದೊಗಲು ಹಿಡಿ. ಕುತ್ತಿಗೆ ಕೆಳಗೆ ಜೋತುಬಿದ್ದಿರುತ್ತದಲ್ಲ, ಅದು. ಬೆಳಿಗ್ಗೆ ಹಿಂಡಿ ಇಡುವಾಗ ಪಕ್ಕದಲ್ಲಿ ನಿಂತು, ಅಂಗೈ ಅಗಲ ಮಾಡಿ, ಗಂಟಲಿಂದ ಎದೆವರೆಗೂ ಮೇಲಿನಿಂದ ಕೆಳಗೆ ನೀವುವುದು. ಒಂದು ಹದಿನೈದು ದಿನ ಬರೀ ಹಿಂಡಿ ತಿಂದು ಓರೆಗಣ್ಣಲ್ಲಿ ನೋಡುತ್ತಿತ್ತು. ಆಮೇಲೆ ಒಂದು ದಿನ ಬಾಯಲ್ಲಿ ಹಿಂಡಿ ಇರುವಾಗಲೇ ಅಗಿಯುವುದು ನಿಲ್ಲಿಸಿ ಕತ್ತು ಉದ್ದ ಚಾಚಿ ಗದ್ದ ಮೇಲೆ ಮಾಡಿತು, ಕಿವಿ ಎರಡೂ ಇಳಿಬಿದ್ದವು. ಈಗ ನಾನು ಕೊಟ್ಟಿಗೆಗೆ ಹೋದರೆ ಮೊದಲು ಕತ್ತು ಎತ್ತುವುದು, ಆಮೇಲೆ ಹಿಂಡಿ.

ಇದಕ್ಕೆ ಯಾವ ದೇಶದವರು ಏನು ಹೆಸರಿಟ್ಟಿದ್ದಾರೋ ಗೊತ್ತಿಲ್ಲ. ನಾವು ಮೈ ನೀವುವುದು ಅಂತೀವಿ.

ಪಶುಡಾಕ್ಟ್ರು | ಡಿಸೆಂಬರ್ 8

ಅರಸೀಕೆರೆ ಅಣ್ಣ, ನಿಮ್ಮ ತಂದೆಯವರಿಗೆ ನಮಸ್ಕಾರ ಹೇಳಿ. ಇದನ್ನೇ ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಹಸುಗಳ ಮೇಲೆ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಕುತ್ತಿಗೆಯ ಕೆಳಭಾಗ, ಹೆಗಲು, ಎದೆಯ ಪಕ್ಕ, ಹೀಗೆ ಬೇರೆ ಬೇರೆ ಕಡೆ ಸವರಿ ನೋಡಿದರು. ಕುತ್ತಿಗೆ ಕೆಳಗೆ ಸವರಿದಾಗಲೇ ಹಸು ಜಾಸ್ತಿ ಕತ್ತು ಚಾಚಿ ಕಿವಿ ಜೋತುಬಿಟ್ಟಿದ್ದು. ಹಸುಗಳು ಒಂದನ್ನೊಂದು ನೆಕ್ಕಿಕೊಳ್ಳುವುದು ನೋಡಿದ್ದೀರಲ್ಲ, ಅಲ್ಲೂ ಕುತ್ತಿಗೆಗೇ ಮೊದಲ ಪಾಲು.

ಬೆಕ್ಕಿನಕಣ್ಣು | ಡಿಸೆಂಬರ್ 9

ಬೆಕ್ಕಿನವರು ಯಾರೂ ಇಲ್ವಾ ಇಲ್ಲಿ. ಬೀದಿ ಬೆಕ್ಕು ತಂದವರು ದಯವಿಟ್ಟು ಹೊಟ್ಟೆಗೂ ಬಾಲದ ಬುಡಕ್ಕೂ ಕೈ ಹಾಕಬೇಡಿ. ಕೆನ್ನೆ, ಗದ್ದದ ಕೆಳಗೆ, ಕಿವಿ ಮುಂದೆ, ಅಷ್ಟೇ ಅದರ ಪರ್ಮಿಷನ್ ಇರುವ ಏರಿಯಾ. ಅದಕ್ಕೂ ಮೊದಲು ಮುಟ್ಟದೆ ಮಾಡುವ ಒಂದು ಕೆಲಸ ಇದೆ, ದೂರ ಕೂತು ಕಣ್ಣು ನಿಧಾನಕ್ಕೆ ಅರ್ಧ ಮುಚ್ಚಿ ತೆರೆಯುವುದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ನೋಡಿದ್ದಾರೆ, ಬೆಕ್ಕು ತಿರುಗಿ ಕಣ್ಣು ಮಿಟುಕಿಸುತ್ತದೆ, ಅಪರಿಚಿತರಾದರೂ ಹಾಗೆ ಮಾಡಿದವರ ಕೈ ಹತ್ತಿರ ಬರುವುದು ಜಾಸ್ತಿ. ನಮ್ಮ ಮನೆಯವರು ನಾನು ಬೆಕ್ಕಿಗೆ ಕಣ್ಣು ಹೊಡೆಯುತ್ತೇನೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ.

ಕಾರಂಜಿಕೆರೆ | ಡಿಸೆಂಬರ್ 14

ಎಲ್ಲರಿಗೂ ಥ್ಯಾಂಕ್ಸ್. ಮೂರು ಚುಚ್ಚುಮದ್ದು ಆದವು, ಪ್ರತಿ ಸಲವೂ ಎರಡೂ ತೋಳಿಗೆ ಕೊಟ್ಟರು.

ಡಾಕ್ಟ್ರೇ, ನೀವು ಕೇಳಿದ್ದು ಸರಿಯಾಗಿತ್ತು. ಬಲಗಿವಿ. ಎಡಗಿವಿ ತುದಿ ಕತ್ತರಿಸಿದ್ದರಲ್ಲ, ಆ ನೆನಪಿಗೆ ಕಿವಿ ಅಂದರೆ ಹೆದರುತ್ತಾಳೆ ಅಂತ ನಾವೇ ಕತೆ ಕಟ್ಟಿಕೊಂಡಿದ್ದೆವು. ಆಸ್ಪತ್ರೆಯಲ್ಲಿ ಬಾಯಿಗೆ ಪಟ್ಟಿ ಕಟ್ಟಿ ನೋಡಿದರೆ ಬಲಗಿವಿಯೊಳಗೆ ಕಾಫಿ ಗಸಿಯ ಹಾಗೆ ಕಂದು ಗಲೀಜು, ಹುಳಿ ವಾಸನೆ, ಒಳಗೆ ಕೆಂಪಗೆ ಬೆಂದಂತೆ ಆಗಿತ್ತು. ಫಂಗಸ್ ಅಂದರು. ನಾನು ಸುತ್ತು ಹಾಕಿದ್ದು ಸರಿಯಾಗಿ ಅಲ್ಲೇ. ನೆನೆಸಿಕೊಂಡರೆ ನನ್ನ ಕಿವಿಯೇ ಉರಿಯುತ್ತದೆ.

ಈಗ ಎರಡು ಪ್ರಶ್ನೆ. ದಿನಕ್ಕೆ ಎರಡು ಸಲ ಕಿವಿಗೆ ಡ್ರಾಪ್ಸ್ ಹಾಕಬೇಕು, ಮುಟ್ಟಿಸಿಕೊಳ್ಳದವಳಿಗೆ ಹೇಗೆ ಹಾಕುವುದು? ಇನ್ನೊಂದು, ಡಿಸೆಂಬರ್ 31ಕ್ಕೆ ನಮ್ಮ ಬಡಾವಣೆಯಲ್ಲಿ ಪಟಾಕಿ ಜೋರು. ಮೈಗೆ ಬಟ್ಟೆ ಬಿಗಿದು ಕಟ್ಟಿದರೆ ಭಯ ಕಡಿಮೆ ಆಗುತ್ತದೆ ಅಂತಾರಲ್ಲ, ಅದನ್ನು ಮಾಡಬಹುದಾ?

ಶೆಲ್ಟರ್_ಭಾನುವಾರ | ಡಿಸೆಂಬರ್ 14

ಡ್ರಾಪ್ಸ್ ಹಾಕಲು ಮಂಚದ ಕೆಳಗಿಂದ ಎಳೆಯಬೇಡಿ, ಅದು ಅವಳ ಮನೆ. ಬೇರೆ ಕೋಣೆಯಲ್ಲಿ ಒಂದು ಗೋಣಿಚೀಲವೋ ಚಾಪೆಯೋ ಹಾಸಿ, ಅಲ್ಲಿಗೆ ಬಂದರೆ ಮಾತ್ರ ಕೋಳಿ. ಚಾಪೆ ಮೇಲೆ ಬಂದಾಗ ಬಾಟಲಿ ನೆಲದ ಮೇಲೆ ಇಟ್ಟಿರಿ, ತಿನ್ನಲಿ. ಆಮೇಲೆ ಬಾಟಲಿ ಕೈಯಲ್ಲಿ, ತಿನ್ನಲಿ. ಆಮೇಲೆ ಭುಜಕ್ಕೆ ಗೆಣ್ಣು ಮುಟ್ಟಿಸಿ ತೆಗೆಯುವುದು, ತಿನ್ನಲಿ. ಹೀಗೆ ಭುಜದಿಂದ ಕುತ್ತಿಗೆ, ಕುತ್ತಿಗೆಯಿಂದ ಒಳ್ಳೆಯ ಕಿವಿ, ಕಡೆಗೆ ನೋಯುವ ಕಿವಿ. ಡ್ರಾಪ್ಸ್ ಬಾಟಲಿಯನ್ನು ಮೊದಲು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ತಣ್ಣಗೆ ಬಿದ್ದರೆ ಬೆಚ್ಚಿಬೀಳುತ್ತವೆ. ಇದಕ್ಕೆ ಒಂದು ವಾರ ಹಿಡಿಯಬಹುದು, ಔಷಧಿ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಒಮ್ಮೆ ಹಾಕಿದರೆ ವಾರಗಟ್ಟಲೆ ಕೆಲಸ ಮಾಡುವ ಕಿವಿ ಔಷಧಿ ಕೆಂಚಿಗೆ ಆಗುತ್ತದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ ನೋಡಿ.

ಬಟ್ಟೆ ಕಟ್ಟುವುದು ಟಿಟಚ್‌ನವರದೂ ಇದೆ. ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜ್ ಸಾಕು. ನಡುಭಾಗ ಎದೆಗೆ ಇಟ್ಟು, ಎರಡು ತುದಿಯನ್ನೂ ಹೆಗಲ ಮೇಲೆ ತಂದು ಅಡ್ಡಹಾಯಿಸಿ, ಮುಂಗಾಲ ಹಿಂದಿನಿಂದ ಹೊಟ್ಟೆ ಕೆಳಗೆ ತಂದು ಮತ್ತೆ ಬೆನ್ನ ಮೇಲೆ, ಬೆನ್ನುಮೂಳೆಯ ಪಕ್ಕಕ್ಕೆ ಗಂಟು. ಬಿಗಿಯುವುದು ಅಲ್ಲ, ಬನಿಯನ್ ಹಾಕಿದ ಹಾಗೆ ಇರಬೇಕು, ಎರಡು ಬೆರಳು ಸಲೀಸಾಗಿ ಹೋಗಬೇಕು. ಮೊದಲ ದಿನ ಐದು ನಿಮಿಷ, ನೀವು ಅಲ್ಲೇ ಇರುವಾಗ. ಕಟ್ಟಿದ ಮೇಲೆ ಗೊಂಬೆ ಥರ ನಿಂತುಬಿಟ್ಟರೆ ತೆಗೆದುಬಿಡಿ, ಮೇಲೆ ಬರೆದಿದ್ದೇನಲ್ಲ, ಮರಗಟ್ಟುವುದು, ಇದೂ ಅದೇ. ನಿಜ ಹೇಳಬೇಕೆಂದರೆ ಈ ಸಲ ಕೆಂಚಿಗೆ ಇದು ಬೇಡ. ಕಟ್ಟಲು ಎಷ್ಟು ಸಲ ಮುಟ್ಟಬೇಕು ನೋಡಿ.

ಪಶುಡಾಕ್ಟ್ರು | ಡಿಸೆಂಬರ್ 15

31ರ ರಾತ್ರಿಗೆ: ಸಂಜೆ ಬೆಳಕಿರುವಾಗಲೇ ಹೊರಗೆ ಕರೆದುಕೊಂಡು ಹೋಗಿ ಬಂದುಬಿಡಿ, ಕತ್ತಲಾದ ಮೇಲೆ ಬಾಗಿಲು ತೆರೆದಿಡಬೇಡಿ. ಬೆದರಿ ಓಡಿಹೋಗುವ ನಾಯಿಗಳು ಆ ರಾತ್ರಿಯೇ ಜಾಸ್ತಿ. ಒಳಕೋಣೆ, ಕಿಟಕಿಗೆ ದಪ್ಪ ಬೆಡ್‌ಶೀಟ್, ಫ್ಯಾನ್ ಜೋರಾಗಿ, ಟಿವಿ ಸದ್ದು. ಅವಳೇ ಹತ್ತಿರ ಬಂದರೆ ಧಾರಾಳವಾಗಿ ಸವರಿ, ಸಮಾಧಾನ ಮಾಡಿದರೆ ಭಯ ಅಭ್ಯಾಸ ಆಗುತ್ತದೆ ಅನ್ನುವುದು ಹಳೇ ನಂಬಿಕೆ. ಮಂಚದ ಕೆಳಗೇ ಇರುತ್ತೇನೆ ಅಂದರೆ ಇರಲಿ.

ತೀರಾ ಹೆದರುವವಳಾದರೆ ನಿಮ್ಮ ಡಾಕ್ಟರ್ ಹತ್ತಿರ ಈಗಲೇ ಮಾತಾಡಿ, 31ರ ಸಂಜೆ ಫೋನ್ ಮಾಡಬೇಡಿ (ನನಗೆ ಮಾಡುವವರು ಇದ್ದಾರೆ). ಗ್ಯಾಬಪೆಂಟಿನ್, ಟ್ರಾಝೊಡೋನ್ ಥರದ ಭಯ ತಗ್ಗಿಸುವ ಮಾತ್ರೆ ನಾಯಿಯ ತೂಕ ನೋಡಿ ಬರೆಯುತ್ತಾರೆ, ಹಬ್ಬಕ್ಕೆ ಮುಂಚೆಯೇ ಒಂದು ದಿನ ಕೊಟ್ಟು ನೋಡಬೇಕು. ಏಸ್‌ಪ್ರೊಮಝಿನ್ ಅನ್ನುವ ಮಂಪರು ಔಷಧಿ ಒಂದನ್ನೇ ಕೊಟ್ಟರೆ ಮೈ ಮಲಗುತ್ತದೆ, ಭಯ ಮಲಗುವುದಿಲ್ಲ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಯಾವುದನ್ನೂ ನೀವಾಗಿ ಕೊಡಬೇಡಿ.

ರಾಟ್‌ವೀಲರ್_ಬಾಸ್ | ಡಿಸೆಂಬರ್ 15

ಕಿವಿ ನೋವು ಅಂತ ಮೊದಲೇ ಹೇಳಿದ್ದರೆ ನಾನು ಹಾಗೆ ಬರೆಯುತ್ತಿರಲಿಲ್ಲ.

ಶೆಲ್ಟರ್_ಭಾನುವಾರ | ಡಿಸೆಂಬರ್ 15

ಕೆಂಚಿ ಹೇಳಿದ್ದಳು ಬಾಸ್. ಗಪ್ ಅಂತ.

ಕಾರಂಜಿಕೆರೆ | ಜನವರಿ 11

ಸುದ್ದಿ ಹೇಳಿಹೋಗೋಣ ಅಂತ ಬಂದೆ. ಕಿವಿ ವಾಸಿಯಾಗುತ್ತಿದೆ. ಡ್ರಾಪ್ಸ್ ಹಾಕಲು ಆಗಲೇ ಇಲ್ಲ, ಆಸ್ಪತ್ರೆಯಲ್ಲೇ ಒಮ್ಮೆ ಕ್ಲೀನ್ ಮಾಡಿ ತಿಂಗಳಿಗೊಮ್ಮೆಯ ಔಷಧಿ ಹಾಕಿದರು. 31ರ ರಾತ್ರಿ ಮಾತ್ರೆ ಕೊಟ್ಟಿದ್ದೆವು, ನಡುಗಿದಳು, ಆದರೆ ಹನ್ನೆರಡೂವರೆಗೆ ಎದ್ದು ನೀರು ಕುಡಿದಳು. ನಮಗೆ ಅದೇ ದೊಡ್ಡದು.

ನನ್ನ ಮುಟ್ಟುವ ವಿದ್ಯೆ ಎಲ್ಲಿಗೆ ಬಂದಿದೆ ಅಂದರೆ ಚಾಪೆ ಮೇಲೆ ಎಡಭುಜಕ್ಕೆ ಮೂರು ಸೆಕೆಂಡು, ದಿನಕ್ಕೆ ಎರಡು ಸಲ. ನಾಲ್ಕನೇ ಸೆಕೆಂಡಿಗೆ ಮೂಗು ನೆಕ್ಕಿಕೊಳ್ಳುತ್ತಾಳೆ, ನಾನು ಕೈ ತೆಗೆಯುತ್ತೇನೆ. ಸುತ್ತು ಇನ್ನೂ ಶುರು ಮಾಡಿಲ್ಲ.

ಹೊಟ್ಟೆಕಿಚ್ಚಿನ ವಿಷಯ ಇನ್ನೊಂದಿದೆ. ಮೊನ್ನೆ ನಮ್ಮ ಅತ್ತೆ ಹಿತ್ತಿಲ ಬಾಗಿಲ ಹತ್ತಿರ ಕಾಲು ಚಾಚಿಕೊಂಡು ಕೂತು, ಎರಡು ಕೆಜಿ ಅವರೆಕಾಯಿ ಮುಂದೆ ಸುರಿದುಕೊಂಡು ಸುಲಿಯುತ್ತಿದ್ದರು. ನಮ್ಮವರ ಬಗ್ಗೆ, ಅವರೆಕಾಯಿ ರೇಟಿನ ಬಗ್ಗೆ, ಕಾಯಲ್ಲಿ ಬಂದ ಹುಳದ ಬಗ್ಗೆ ಏನೋ ಗೊಣಗುತ್ತಾ. ಹಗಲು ಹನ್ನೊಂದು ಗಂಟೆ. ಕೆಂಚಿ ಮಂಚದ ಕೆಳಗಿಂದ ಬಂದಳು, ಸಿಪ್ಪೆ ರಾಶಿ ಮೂಸಿದಳು, ಅತ್ತೆಯ ಸೀರೆ ನೆರಿಗೆ ಮೂಸಿದಳು, ಒಂದು ಸುತ್ತು ತಿರುಗಿ ಅವರ ಮೊಣಕಾಲಿಗೆ ಬೆನ್ನು ಒತ್ತಿಕೊಂಡು ಕೂತುಬಿಟ್ಟಳು. ಎರಡು ತಿಂಗಳಲ್ಲಿ ಒಂದು ಸಲವೂ ಆ ನಾಯಿಯನ್ನು ಮುಟ್ಟದ ಹೆಂಗಸು. ಅವರು ತಲೆ ಎತ್ತಲಿಲ್ಲ, ಕೈಯೂ ನಿಲ್ಲಿಸಲಿಲ್ಲ. "ನಿನ್ನ ನಾಯಿ ನನ್ನ ಸೀರೆಗೆಲ್ಲ ಕೂದಲು ಮಾಡ್ತಾ ಇದೆ ನೋಡು" ಅಂದರು, ಅದೂ ಯಾವತ್ತೂ ಇಲ್ಲದಷ್ಟು ಮೆಲ್ಲಗೆ.

ಹಾಂ, ಡಾಕ್ಟ್ರೇ, ಹಸಿ ಅವರೆಕಾಳು ನಾಯಿಗೆ ಆಗುತ್ತಾ? ಎರಡು ಕಾಳು ಬಾಯಿಗೆ ಹಾಕಿಕೊಂಡು ಉಗಿದಳು, ಮೂರನೆಯದು ನುಂಗಿರಬಹುದು ಅಂತ ಅನುಮಾನ.

ಪಶುಡಾಕ್ಟ್ರು | ಜನವರಿ 11

ಹಸಿಯದು ಕೊಡಬೇಡಿ. ಒಂದು ಕಾಳಿಗೆ ಏನೂ ಆಗಲಿಕ್ಕಿಲ್ಲ, ವಾಂತಿ ಭೇದಿ ಕಂಡರೆ ಮಾತ್ರ ನಿಮ್ಮ ಡಾಕ್ಟರಿಗೆ ತೋರಿಸಿ. ನಿಮ್ಮ 28ನೇ ದಿನದ ಚುಚ್ಚುಮದ್ದು ಹಾಕಿಸಿಕೊಂಡಿರಾ?